ಸಾಫ್ಟ್‌ವೇರ್‌ಗೆ ಕಂಡ ತೂತು

ಫ್ರಿಜ್, ಸ್ಪ್ರೇ ಡಬ್ಬಿಗಳ ಸಿಎಫ್‌ಸಿ ಅನಿಲ ಓಝೋನ್ ಪದರವನ್ನು ತಿನ್ನುತ್ತೆ ಅಂತ ಮೊಲಿನಾ, ರೋಲ್ಯಾಂಡ್ 1974ರಲ್ಲೇ ಹೇಳಿದ್ದರು. ಕಂಪನಿಗಳು ಸಾಕ್ಷಿ ಎಲ್ಲಿ ಅಂದವು.

ಪೆಟ್ಟು ಕಣ್ಣಿಗೆ ಬಿದ್ದದ್ದು ಅಂಟಾರ್ಕ್ಟಿಕಾದ ಹ್ಯಾಲಿ ನೆಲೆಯಲ್ಲಿ. ಬ್ರಿಟಿಷ್ ವಿಜ್ಞಾನಿಗಳು ಅಲ್ಲಿ 1950ರ ದಶಕದಿಂದ ಓಝೋನ್ ಅಳೆಯುತ್ತಲೇ ಇದ್ದರು. ಬೋರಿಂಗ್ ಕೆಲಸ, ದಿನಾ ಲಾಗ್ ಫೈಲ್ ನೋಡಿದ ಹಾಗೆ. ಅಕ್ಟೋಬರ್ ಸರಾಸರಿ 300 ಡಾಬ್ಸನ್ ಯೂನಿಟ್‌ನಿಂದ 200ರ ಆಸುಪಾಸಿಗೆ ಕುಸಿದಿದ್ದನ್ನು ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ 1985ರಲ್ಲಿ ಪ್ರಕಟಿಸಿದರು.

ಹಾಗಾದ್ರೆ ಮೇಲೆ ಸುತ್ತುತ್ತಿದ್ದ ನಾಸಾದ ನಿಂಬಸ್-7 ಉಪಗ್ರಹಕ್ಕೆ ಕಾಣಲಿಲ್ವಾ? ಕಂಡಿತ್ತು. ಆದರೆ 180ಕ್ಕಿಂತ ಕಡಿಮೆ ಬಂದ ರೀಡಿಂಗನ್ನೆಲ್ಲ ಸಾಫ್ಟ್‌ವೇರ್ ಅನುಮಾನಾಸ್ಪದ ಅಂತ ಫ್ಲ್ಯಾಗ್ ಮಾಡಿತ್ತು. ನಾವು ಬರೆಯೋ ವ್ಯಾಲಿಡೇಶನ್ ಥರಾನೇ! ಅದನ್ನು ಬಿಡಿಸಿ ನೋಡಿದಾಗ ತೂತು ಒಂದು ಖಂಡದಷ್ಟು ದೊಡ್ಡದಿತ್ತು.

ಆಮೇಲೆ ತಡವಾಗಲಿಲ್ಲ. 1987ರ ಸೆಪ್ಟೆಂಬರ್ 16ಕ್ಕೆ ಮಾಂಟ್ರಿಯಲ್‌ನಲ್ಲಿ ಸಿಎಫ್‌ಸಿ ಬಳಕೆ ಅರ್ಧಕ್ಕಿಳಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಭಾರತ ಸೇರಿದ್ದು 1992ರಲ್ಲಿ, ಬದಲಿ ಅನಿಲದ ಖರ್ಚಿಗೆ ಶ್ರೀಮಂತ ದೇಶಗಳು ದುಡ್ಡು ಹಾಕೋಕೆ ಒಪ್ಪಿದ ಮೇಲೆ.