ಬೆಳಗೊಳದ ದತ್ತಿಯೂ ಅಡವಿನ ಋಣವೂ

ಶ್ರವಣಬೆಳಗೊಳದ ಗೊಮ್ಮಟೇಶ್ವರನ ಸೇವೆಗೆ ದ್ರವ್ಯ ಎಲ್ಲಿಂದ ಬರುತ್ತಿತ್ತೆಂಬುದನ್ನು ಅಲ್ಲಿನ ಶಾಸನಗಳೇ ಲೆಕ್ಕದ ಪುಸ್ತಕದಂತೆ ತಿಳಿಸುತ್ತವೆ. ಮೊದಲ ಆಧಾರ ಭೂಮಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಅರಸನಿಂದ ಪಡೆದ ಗೋವಿಂದವಾಡಿಯನ್ನು ಗೊಮ್ಮಟನ ಪೂಜೆಗೆ ಬಿಟ್ಟನು. 1159ರಲ್ಲಿ ಒಂದನೆಯ ನರಸಿಂಹನು ಹುಳ್ಳನ ಭಂಡಾರಿ ಬಸದಿಗೆ ಸವಣೇರು ಗ್ರಾಮವನ್ನಿತ್ತನು.

ಅರಸರಂತೆ ಗ್ರಾಮಗಳನ್ನು ಕೊಡಲಾರದ ಶ್ರಾವಕರು 13ನೆಯ ಶತಮಾನದಲ್ಲಿ ಗದ್ಯಾಣಗಳನ್ನು ಮೂಲಧನವಾಗಿಟ್ಟು, ಅದರ ಬಡ್ಡಿಯಿಂದ ನಿತ್ಯಾಭಿಷೇಕಕ್ಕೆ ಹಾಲು ಸಲ್ಲುವಂತೆ ಮಾಡಿದರು. ಕೆಲವು ಶಾಸನಗಳು ಹಾಲಿನ ಅಳತೆಯನ್ನೇ ನಮೂದಿಸುತ್ತವೆ. ವ್ಯಾಪಾರ ಬಲ್ಲವರಿಗೆ ಇದರ ಜಾಣ್ಮೆ ಹೊಳೆಯದಿರದು: ಹಾಲಿನ ಬೆಲೆ ಏರಿದರೂ ಸೇವೆ ಕುಗ್ಗಬಾರದು.

1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ವಿಜಯನಗರದ ಬುಕ್ಕರಾಯನು ತೀರಿಸಿದಾಗ ಮೂರನೆಯ ಮಾರ್ಗವೊಂದು ತೆರೆಯಿತು. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ಅದರಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ 20 ಆಳುಗಳನ್ನಿಡಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಹೊಣೆ ತಿರುಮಲೆಯ ತಾತಯ್ಯನದು. ಜೈನರ ವಂತಿಗೆಯ ನಿರ್ವಹಣೆ ಶ್ರೀವೈಷ್ಣವರೊಬ್ಬರ ಕೈಯಲ್ಲಿ ನಡೆಯಬೇಕೆಂದ ಆ ಏರ್ಪಾಡು ಇಂದಿಗೂ ವಿಸ್ಮಯಕರವೇ.

ಆದರೆ ಇಷ್ಟೆಲ್ಲ ಆಧಾರಗಳಿದ್ದೂ ಕ್ಷೇತ್ರವು ಋಣಕ್ಕೆ ಸಿಲುಕಿತು. ಮೈಸೂರಿನ ಚಾಮರಾಜ ಒಡೆಯರ 1634ರ ಶಾಸನದಿಂದ ತಿಳಿದುಬರುವಂತೆ, ಬೆಳಗೊಳದ ಸ್ಥಾನದವರು, ಎಂದರೆ ದೇವಾಲಯದ ಆಡಳಿತ ನೋಡುತ್ತಿದ್ದವರು, ದೇವರ ಭೂಮಿಯನ್ನು ವರ್ತಕರಿಗೆ ಅಡವಿಟ್ಟಿದ್ದರು. ಅಡವುದಾರರು ಅದನ್ನು ಬಹುಕಾಲ ಅನುಭವಿಸುತ್ತ ಬಂದಿದ್ದರು. ಅವರು ಪರಸ್ಥಳದವರೇ ಆಗಿರಲಿಲ್ಲ. ಬೆಳಗೊಳದ ಸೆಟ್ಟಿಗಳೂ ಅವರಲ್ಲಿದ್ದರು. ಭೂಮಿಯನ್ನು ದಾನವಿತ್ತವನಿಗೆ ಅದು ಪುಣ್ಯ. ಸಾಲ ಕೊಟ್ಟವನಿಗೆ ಅದೇ ಭೂಮಿ ಕೇವಲ ಭದ್ರತೆ. ಹಾಗೆ ನೋಡಿದರೆ ಸಾಲ ಕೊಟ್ಟವರು ವ್ಯವಹಾರಧರ್ಮವನ್ನು ಮೀರಿರಲಿಲ್ಲ. ಹಣ ಕೊಟ್ಟಿದ್ದರು, ಪತ್ರ ಪಡೆದಿದ್ದರು. ದೇವರ ಆಸ್ತಿಯನ್ನು ಅಡವು ಹಿಡಿಯಬಹುದೇ ಎಂಬ ಪ್ರಶ್ನೆಯನ್ನು ಮಾತ್ರ ಅವರು ತಮಗೆ ಕೇಳಿಕೊಂಡಿರಲಿಲ್ಲ.

ಒಡೆಯರು ಅವರನ್ನು ಕರೆಸಿ, ಅಡವಿನ ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ರಾಜಬಲದಿಂದ ಪತ್ರಗಳನ್ನು ಹರಿದುಹಾಕದೆ, ಸಾಲವನ್ನು ಸಾಲವೆಂದೇ ಒಪ್ಪಿದ ನಡೆ ಇದು. ಆಗ ವರ್ತಕರು ಹಣವನ್ನು ಅಪೇಕ್ಷಿಸದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು, ದೇವರು ಗುರುಗಳ ಸಾಕ್ಷಿಯಲ್ಲಿ ಧಾರೆಯೆರೆದು ಅಡವನ್ನು ಬಿಟ್ಟುಕೊಟ್ಟರು. ವಸೂಲಾಗಬೇಕಿದ್ದ ಮೊತ್ತವು ಹೀಗೆ ದಾನದ ಬಾಬಿಗೆ ವರ್ಗವಾಯಿತು.

ಶಾಸನವು ಅಲ್ಲಿಗೇ ನಿಲ್ಲುವುದಿಲ್ಲ. ಮುಂದೆ ಸ್ಥಾನದವರು ದೇವರ ಸ್ವತ್ತನ್ನು ಅಡವಿಟ್ಟರೆ ಇಟ್ಟವರೂ ಹಿಡಿದವರೂ ಧರ್ಮಕ್ಕೆ ಹೊರಗಾಗುವರು; ಸ್ಥಾನಮಾನ್ಯದಲ್ಲಿ ಅವರಿಗೆ ಹಕ್ಕಿರದು. ಇಬ್ಬರಿಗೂ ವಿಧಿಸಿದ ದಂಡ ಒಂದೇ.