ಸಂಕಷ್ಟಕಾಲದಲ್ಲಿ ಆರದ ದೀಪ

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಗೋಪುರವನ್ನೂ ಬಲಿಪೀಠವನ್ನೂ ನೋಡಿ ನಮ್ಮ ಹೃದಯ ಹಿಗ್ಗುವುದು ಸಹಜ. ಆದರೆ ದೇವಾಲಯವೂ ಇಲ್ಲದೆ, ಗುರುಗಳೂ ಇಲ್ಲದೆ ವಿಶ್ವಾಸವನ್ನು ಕಾಪಾಡಿಕೊಂಡವರು ಶ್ರೀಸಭೆಯ ಚರಿತ್ರೆಯಲ್ಲಿದ್ದಾರೆ. ಅಂಥವರಾದ ಶ್ರೀಲಂಕೆಯ ಕಥೋಲಿಕರನ್ನೂ ಅವರನ್ನು ಅರಸಿ ಹೋದ ಸಂತ ಜೋಸೆಫ್ ವಾಜರನ್ನೂ ಇಲ್ಲಿ ಸ್ಮರಿಸಬಯಸುತ್ತೇನೆ.

ವಾಜರು ನಮಗೆ ಪರಕೀಯರಲ್ಲ. 1651ರಲ್ಲಿ ಗೋವೆಯ ಬೆನಾವ್ಲಿಯಲ್ಲಿ ಜನಿಸಿದ ಅವರು 1681ರಿಂದ 1684ರವರೆಗೆ ನಮ್ಮ ಕರಾವಳಿಯಲ್ಲಿಯೇ ಸೇವೆ ಸಲ್ಲಿಸಿದರು. ಧಾರ್ಮಿಕ ಅಧಿಕಾರದ ವ್ಯಾಜ್ಯದಿಂದ ಕಂಗೆಟ್ಟಿದ್ದ ಇಲ್ಲಿನ ಕ್ರೈಸ್ತರನ್ನು ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಸಂತೈಸಿದರು.

ಆ ವೇಳೆಗೆ ಶ್ರೀಲಂಕೆಯ ಕಥೋಲಿಕರ ಸ್ಥಿತಿ ಶೋಚನೀಯವಾಗಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಗೆದ್ದುಕೊಂಡು, ಕಥೋಲಿಕ ಗುರುಗಳನ್ನು ಹೊರಗಟ್ಟಿ, ಬಲಿಪೂಜೆಯನ್ನು ನಿಷೇಧಿಸಿದ್ದರು. ಗುರುಗಳ ಮುಖವನ್ನೇ ಕಾಣದೆ ಒಂದು ತಲೆಮಾರು ಬೆಳೆಯಿತು.

1687ರಲ್ಲಿ ವಾಜರು ಕೂಲಿಯಾಳಿನ ವೇಷದಲ್ಲಿ ಆ ದ್ವೀಪವನ್ನು ಸೇರಿದರು. ಕಥೋಲಿಕರು ಯಾರೆಂದು ಬಾಯಿಬಿಟ್ಟು ಕೇಳುವಂತಿರಲಿಲ್ಲ. ಆದುದರಿಂದ ಕೊರಳಲ್ಲಿ ಜಪಮಾಲೆ ಧರಿಸಿ ಜಾಫ್ನಾದಲ್ಲಿ ಮನೆಮನೆಗೂ ಭಿಕ್ಷೆಗೆ ಹೋದರು. ಆ ಜಪಮಾಲೆಯನ್ನು ಗುರುತಿಸುವವರು ಇನ್ನೂ ಇದ್ದರು! ಮೂವತ್ತು ವರ್ಷಗಳ ಬಳಿಕವೂ ಅದರ ಅರ್ಥ ಮರೆತುಹೋಗಿರಲಿಲ್ಲ. ಏಕೆಂದರೆ ತಂದೆತಾಯಿಗಳು ಮನೆಯೊಳಗೆ ಗುಟ್ಟಾಗಿ ಪ್ರಾರ್ಥನೆಗಳನ್ನು ಉಳಿಸಿಕೊಂಡಿದ್ದರು. ಮುಂದೆ ರಾತ್ರಿಯ ಮರೆಯಲ್ಲಿ ಮನೆಗಳಲ್ಲಿಯೇ ಬಲಿಪೂಜೆ ನಡೆಯತೊಡಗಿತು.

1692ರಲ್ಲಿ ಕ್ಯಾಂಡಿಗೆ ಹೋದ ವಾಜರನ್ನು ಪೋರ್ಚುಗೀಸರ ಗೂಢಚಾರನೆಂದು ಶಂಕಿಸಿ ಸೆರೆಯಲ್ಲಿಡಲಾಯಿತು. ಆದರೆ 1697ರಲ್ಲಿ ಸಿಡುಬು ಹಬ್ಬಿದಾಗ, ಬಂಧುಗಳೇ ತೊರೆದ ರೋಗಿಗಳನ್ನು ಮತಭೇದವೆಣಿಸದೆ ಶುಶ್ರೂಷೆ ಮಾಡಿದವರು ಅವರೇ. ಬೌದ್ಧ ಅರಸನೂ ಅವರನ್ನು ಗೌರವಿಸಿದನು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ದೈವಾಧೀನರಾದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರ ಪದವಿಗೇರಿಸಿದರು.

ಪ್ರಿಯ ಕ್ರೈಸ್ತಭಕ್ತರೇ, ವಾಜರು ಅಲ್ಲಿ ವಿಶ್ವಾಸದ ದೀಪವನ್ನು ಹೊಸದಾಗಿ ಹಚ್ಚಲಿಲ್ಲ; ಮನೆಗಳಲ್ಲಿ ಉಳಿದಿದ್ದ ಕಿಡಿಗೆ ಉಸಿರೂದಿದರು. ಆ ಕಿಡಿಯನ್ನು ಉಳಿಸಿದವರು ಹೆಸರಿಲ್ಲದ ತಾಯಂದಿರು, ಅಜ್ಜಂದಿರು.

ನಿಮ್ಮ ಗುರುವಾಗಿ ಒಂದು ವ್ಯಥೆಯನ್ನು ಹೇಳಿಕೊಳ್ಳಬೇಕು. ಸಂಜೆಯ ಹೊತ್ತು ನಮ್ಮ ಬೀದಿಗಳಲ್ಲಿ ನಡೆಯುವಾಗ ಮೊದಲು ಮನೆಮನೆಯಿಂದ ಕೇಳಿಬರುತ್ತಿದ್ದ ಜಪಸರದ ದನಿ ಈಗ ವಿರಳವಾಗಿದೆ. ನಮ್ಮನ್ನು ಯಾರೂ ತಡೆದಿಲ್ಲ, ನಾವೇ ಮೌನವಾಗಿದ್ದೇವೆ. ನಾಳೆ ಈ ದೇವಾಲಯದ ಬಾಗಿಲು ಮುಚ್ಚಿದರೆ, ಜಪಮಾಲೆ ಧರಿಸಿ ಬಂದ ಭಿಕ್ಷುಕನನ್ನು ನಮ್ಮ ಮಕ್ಕಳು ಗುರುತಿಸುವರೇ?

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಕಲ್ಲಿನ ಆಲಯ ಕಟ್ಟಿದರು. ಪ್ರತಿ ಮನೆಯನ್ನೂ ಪ್ರಾರ್ಥನೆಯ ಆಲಯವಾಗಿಸುವ ಹೊಣೆ ನಮ್ಮದು. ಸಂತ ಜೋಸೆಫ್ ವಾಜರು ನಮಗಾಗಿ ಪ್ರಾರ್ಥಿಸಲಿ.