ಧಾರವಾಡದ ಇಂಗ್ಲಿಷ್ ಮಾಸ್ತರರು

1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿನ ಇಂಗ್ಲಿಷ್ ಪ್ರಾಧ್ಯಾಪಕರನ್ನು ನಾಡು ನೆನೆಯುವುದು ಹೆಚ್ಚಾಗಿ ಕನ್ನಡಕ್ಕಾಗಿ. ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಓದಿಬಂದ ವಿ.ಕೃ. ಗೋಕಾಕರು ಇಲ್ಲಿ ಪ್ರಾಚಾರ್ಯರಾಗಿದ್ದರು. ಜ್ಞಾನಪೀಠ ಬಂದದ್ದು ಕನ್ನಡ ಸಾಹಿತ್ಯಕ್ಕೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿದ ಚಂದ್ರಶೇಖರ ಪಾಟೀಲರು ಗೆಳೆಯರೊಡನೆ ‘ಸಂಕ್ರಮಣ’ ಪತ್ರಿಕೆ ಕಟ್ಟಿದರು.

1981ರಲ್ಲಿ ಪ್ರೌಢಶಾಲೆಗಳಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ಗೋಕಾಕರು. ಅದರ ಜಾರಿಗಾಗಿ ಬೀದಿಗಿಳಿದವರಲ್ಲಿ ಪಾಟೀಲರೂ ಒಬ್ಬರು. ಇಬ್ಬರೂ ಇಂಗ್ಲಿಷ್ ಮಾಸ್ತರರೇ! ಮನೆಯಲ್ಲಿ ಉರ್ದು ಆಡುವವರಿಗೆ ಆ ವರದಿ ಆತಂಕವನ್ನೂ ತಂದಿತ್ತೆಂಬುದು ನಿಜ.

ಇದೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ, ಗೋವೆ ಮೂಲದ ಅರ್ಮಾಂಡೋ ಮೆನೆಜಿಸ್ ಇಂಗ್ಲಿಷಿನಲ್ಲೇ ಕವಿತೆ ಬರೆದವರು. ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದವರಲ್ಲಿ ಅವರೂ ಒಬ್ಬರು.